ಬೇಲಿಯಾಚೆಯ ಅಜ್ಜಿಯ ಡಬ್ಬಿಂಗ್

ಮೊನ್ನೆ ಅಮ್ಮನ ಜೊತೆ ಫೋನಿನಲ್ಲಿ ಹರಟುತ್ತಾ ಬಾಣಲೆಯಲ್ಲಿದ್ದ ಜೀರಿಗೆಯನ್ನು ಮರೆತೇಬಿಟ್ಟೆ. ಮನೆಯೆಲ್ಲ ಕಪ್ಪಗಾದ ಜೀರಿಗೆಯ ವಾಸನೆ. ನಮ್ಮ ಲೆಕ್ಕದಲ್ಲಿ ಅದು ಸೀದದ್ದು. ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸುರಿನಾಮಿ ಅಜ್ಜಿಗೆ ಮಾತ್ರ ಅದೇ ಸರಿಯಾದ ಹದ. ಅಷ್ಟು ಕಪ್ಪಾಗದೆ ಅವರು ಬೇಳೆಗೆ ಹಾಕುತ್ತಲೇ ಇರಲಿಲ್ಲ...

ಅವರ ಮುತ್ತಜ್ಜ ಕಬ್ಬಿನ ತೋಟದ ಕೂಲಿಗೆಂದು ಬಿಹಾರದಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದವರಂತೆ. ಅವರ ಹಳೇ ಹಿಂದಿ, ನಮ್ಮ ಬೆಂಗಳೂರು ಹಿಂದಿ, ಹೇಗೋ ಬೇಲಿ ದಾಟುತ್ತಿದ್ದವು. ಕೊರೊನಾ ಕಾಲ, ಯಾರ ಮನೆಗೂ ಹೋಗುವಂತಿರಲಿಲ್ಲ.

ಆ ಅಕ್ಟೋಬರಿನಲ್ಲಿ ನಾನೂ ನನ್ನ ಗಂಡನೂ ಮಾತು ಬಿಟ್ಟಿದ್ದೆವು. ಕಾರಣ ಕೇಳಿದರೆ ನಗುತ್ತೀರಿ. ನನ್ನ ಮೀಟಿಂಗಿನ ನಡುವೆ ಆತ ಚಟ್ನಿಗೆ ಮಿಕ್ಸಿ ಹಾಕಿದ್ದ. ಒಂಬತ್ತು ದಿನ! ಒಂದೇ ಟೇಬಲ್ಲಿನ ಎರಡು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೂಂ ಇಲ್ಲ, ಉಹೂಂ ಇಲ್ಲ. ಒಬ್ಬಳೇ ಊರಿಗೆ ಹೋಗಿಬಿಡೋಣ ಅಂತ ನಾನು ಟಿಕೆಟ್ಟೂ ಹುಡುಕಿದ್ದೆ. ಏನಾದರೂ ಹೇಳಲೇಬೇಕಾದರೆ ಹಿತ್ತಲಿಗೆ ಬಂದು ಅಜ್ಜಿಯ ಮೂಲಕ ಹೇಳುವುದು. "ಅಜ್ಜಿ, ಇವನಿಗೆ ಹೇಳಿ, ಕಸದ ಡಬ್ಬಿ ಹೊರಗಿಡಬೇಕು ಅಂತ." ಮೂರಡಿ ದೂರದಲ್ಲೇ ನಿಂತ ಆತ, "ಆಗ್ಲೇ ಇಟ್ಟಾಯ್ತು ಅನ್ನಿ, ಅಜ್ಜಿ." ಪಾಪ, ಅಜ್ಜಿ ಎರಡೂ ಕಡೆ ತಲೆಯಾಡಿಸುತ್ತಿದ್ದರು.

ಒಂದು ಭಾನುವಾರ ಸಂಜೆ ಅವರು ತಮ್ಮ ಟಿವಿಯನ್ನು ಗಾಜಿನ ಬಾಗಿಲಿನ ಕಡೆ ತಿರುಗಿಸಿ, ಬೇಲಿಯ ಈಚೆ ಕುರ್ಚಿ ಹಾಕಿಕೊಳ್ಳಿ ಎಂದು ನಮ್ಮಿಬ್ಬರಿಗೂ ಹೇಳಿ, ಆಚೆ ತಾವೂ ಒಂದು ಹಾಕಿಕೊಂಡರು. ಕಪ್ಪು ಬಿಳುಪಿನ ಹಳೇ ಹಾಲಿವುಡ್ ಸಿನಿಮಾ. ಬಂಗಲೆ, ಗಂಡ, ಹೆಂಡತಿ, ಜಗಳ. ಸೌಂಡು ನಮ್ಮವರೆಗೆ ಬರುತ್ತಿರಲಿಲ್ಲ.

"ಅವರಿಬ್ಬರನ್ನ ಬಿಡಿ, ಅವಳನ್ನ ನೋಡಿ," ಎಂದು ಅಜ್ಜಿ ಟ್ರೇ ಹಿಡಿದು ನಿಂತಿದ್ದ ಕಪ್ಪು ಹೆಂಗಸನ್ನು ತೋರಿಸಿದರು. ಬಾಗಿಲು ತೆಗೆಯುವುದು, ಕೋಟು ಇಸಿದುಕೊಳ್ಳುವುದು, ಆಕೆಗೆ ಇಷ್ಟೇ ಪಾತ್ರ. ಟೈಟಲ್ಲಿನಲ್ಲಿ ಹೆಸರೂ ಇಲ್ಲ. ಅಜ್ಜಿ ಚಿಕ್ಕಂದಿನಲ್ಲಿ ಸುರಿನಾಮಿನ ರಾಜಧಾನಿ ಪಾರಾಮಾರಿಬೋದ ಥಿಯೇಟರಿನಲ್ಲಿ ಇದನ್ನು ನೋಡಿದಾಗ, ಬೇರೆಯವರ ಮನೆಗೆಲಸ ಮಾಡುತ್ತಿದ್ದ ಅವರ ತಾಯಿ ಆಕೆಯೊಬ್ಬಳನ್ನೇ ನೋಡುತ್ತಾ ಕೂತಿದ್ದರಂತೆ.

ಆಮೇಲೆ ಅಜ್ಜಿಯ ಡಬ್ಬಿಂಗ್ ಶುರುವಾಯಿತು. ಆಕೆ ಪರದೆಗೆ ಬಂದಾಗಲೆಲ್ಲ ಅಜ್ಜಿಯದೇ ಮಾತು. "ಕಾಫಿ ಆರ್ತಿದೆ, ಕುಡಿದು ಜಗಳ ಆಡಿ!" "ಕೋಟು ನೀನೇ ನೇತು ಹಾಕ್ಕೋ, ಕೈ ಇಲ್ವಾ?" ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಕೊನೆಗೊಂದು ದೃಶ್ಯದಲ್ಲಿ ಆಕೆ ಆ ಮನೆಯ ಗಂಡ ಬರೆದ ಚೀಟಿ ಹಿಡಿದು ಹೆಂಡತಿಯ ಮುಂದೆ ನಿಂತಳು. ಅಜ್ಜಿ ಟಿವಿ ಬಿಟ್ಟು ನಮ್ಮ ಕಡೆ ತಿರುಗಿದರು. "ನನಗೂ ಕಾಲು ನೋಯ್ತಿದೆ. ಇನ್ಮೇಲೆ ನಿಮ್ಮ ಮಾತು ನೀವೇ ಆಡ್ಕೊಳ್ಳಿ."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನನ್ನ ಗಂಡ ನನ್ನ ಕಡೆ ತಿರುಗಿ, "ಚಳಿ ಆಗ್ತಿದ್ಯಾ? ಶಾಲು ತರ್ಲಾ?" ಎಂದ.

"ತಗೊಂಡ್ಬಾ. ಅಜ್ಜಿಗೂ ಒಂದು," ಎಂದೆ. ಟಿಕೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ಜನವರಿಯಲ್ಲಿ ಅಜ್ಜಿಗೆ ಕೊರೊನಾ ಬಂತು. ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ... ಅಂತ್ಯಸಂಸ್ಕಾರವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಅಜ್ಜಿಯ ಮಗ ಮಾತಾಡಿದ. ಅಪ್ಪ ಅಮ್ಮ ಒಂದೇ ಮನೆಯಲ್ಲಿ ಹದಿನಾಲ್ಕು ವರ್ಷ ಮಾತಿಲ್ಲದೆ ಬದುಕಿದರು, ಅಪ್ಪ ಹಾಗೆಯೇ ತೀರಿಕೊಂಡರು ಎಂದ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ನಮ್ಮ ಜಗಳಗಳೂ ಚೆನ್ನಾಗಿಯೇ ನಡೆದಿವೆ, ನೇರವಾಗಿ, ಜೋರಾಗಿ. ಆದರೆ ಅಷ್ಟು ದಿನ ನಮ್ಮ ಮಾತು ಹೊತ್ತವರನ್ನು "ನಿಮ್ಮ ಸಂಸಾರ ಹೇಗಿತ್ತು, ಅಜ್ಜಿ?" ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು... ಕೇಳಲಿ ಎಂದೇ ಕಾದಿದ್ದರೇನೋ ಎಂದು ಈಗ ಸಂಕಟವಾಗುತ್ತದೆ.