ಯಂತ್ರಗಳ ಸಿಪ್ಪೆ ತೆಗೆದವರು

ಹೊಸ ಯಂತ್ರಗಳನ್ನು ಕೊಂಡವರ ಹೆಸರು ಕಾಲೇಜಿನ ಲ್ಯಾಬಿನ ಗೋಡೆಯ ಫಲಕದ ಮೇಲಿದೆ. ಹಳೆಯವನ್ನು ಇಪ್ಪತ್ತೆಂಟು ವರ್ಷ ಬದುಕಿಸಿಕೊಂಡು ಬಂದವರ ಹೆಸರು ಎಲ್ಲಿಯೂ ಇಲ್ಲ. ಈಗ ನಿವೃತ್ತರಾಗಿರುವ ಲ್ಯಾಬ್ ಮೇಲ್ವಿಚಾರಕರು ಈ ಎರಡನೆಯ ಸಾಲಿನವರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಸಿಪ್ಪೆ ಮೇಷ್ಟ್ರು’.

ಆಪರೇಟಿಂಗ್ ಸಿಸ್ಟಂ ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತ, ಯಾರೂ ಕೇಳದ ಹವಾಮಾನ, ಸುದ್ದಿ, ಆಟಗಳನ್ನೆಲ್ಲ ಹೊತ್ತು ತರುತ್ತಿದ್ದಾಗ, ಅವರು ಒಂದೊಂದು ಲ್ಯಾಪ್‌ಟಾಪಿನ ಮುಂದೆಯೂ ಕುಳಿತು ಬೇಡದ್ದನ್ನೆಲ್ಲ ಕಿತ್ತುಹಾಕುತ್ತಿದ್ದರು. “ಇರಮ್ಮ, ಸಿಪ್ಪೆ ತೆಗೀತೀನಿ. ಒಳಗೆ ಹಣ್ಣು ಇದ್ದೇ ಇರುತ್ತೆ,” ಎಂದು ಕಾದು ನಿಂತ ವಿದ್ಯಾರ್ಥಿನಿಗೆ ಹೇಳುವರು. ಹತ್ತು ನಿಮಿಷ ಗುರುಗುಟ್ಟಿ ಏಳುತ್ತಿದ್ದ ಯಂತ್ರ ಮರುದಿನ ಥಟ್ಟನೆ ಎದ್ದು ಕೂರುತ್ತಿತ್ತು.

ಇತಿಹಾಸದ ಅಧ್ಯಾಪಕಿಗೆ ದೃಷ್ಟಿ ಹೋದ ವರ್ಷ, ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮನ್ನು ಮೇಷ್ಟ್ರೇ ಬರೆದರು. ಕೀಲಿಮಣೆಯ ಗುಂಡಿಗಳ ಮೇಲೆ ಅಂಟಿನ ಸಣ್ಣ ಹನಿ ಇಟ್ಟು ಗುರುತು ಮಾಡಿದರು. ಆಕೆಯ ಕೋಣೆಗೆ ಹೋಗುವಾಗ ಬಾಗಿಲಲ್ಲೇ ಮೆಲ್ಲಗೆ ಕೆಮ್ಮಿ ತಾವು ಬಂದದ್ದನ್ನು ತಿಳಿಸದೆ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಆಕೆ ಪಾಠ ಬಿಡದೆ ಉಳಿದದ್ದು ಆ ಪ್ರೋಗ್ರಾಮಿನಿಂದ.

ಹೋದ ವರ್ಷ ಕಾಲೇಜು ಬೇರೆ ಬಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳನ್ನು ಆರಿಸಿತು. ಬ್ಯಾಟರಿ ಇಡೀ ದಿನ ಬರುತ್ತದೆ, ಮೈ ಬಿಸಿಯಾಗುವುದಿಲ್ಲ, ಅದೆಲ್ಲ ನಿಜವೇ. ಆದರೆ ಹಳೆಯ ಪ್ರೊಸೆಸರಿನ ಭಾಷೆ ಹೊಸದಕ್ಕೆ ತಿಳಿಯದು. ನಡುವೆ ದುಭಾಷಿಯಂಥದೊಂದು ಬೇಕು, ಅದು ವೇಗವನ್ನು ತಿನ್ನುತ್ತದೆ. ಖರೀದಿಯ ಸಭೆಯಲ್ಲಿ ಮೇಷ್ಟ್ರು ಅದನ್ನೇ ಕೇಳಿದರು.

“ಹಳೇ ಪ್ರೋಗ್ರಾಮು ಇದರಲ್ಲಿ ನಡೆಯುತ್ತೇನ್ರೀ?”

“ಎಲ್ಲಾ ನಡೆಯುತ್ತೆ ಸರ್,” ಎಂದ ಮಾರಲು ಬಂದವ.

“ನಡೆಯುತ್ತೆ, ಸರಿ. ಓಡುತ್ತಾ?”

ಎಲ್ಲರೂ ನಕ್ಕರು. “ರಿಟೈರ್ ಆಗೋ ಹೊತ್ತಲ್ಲಿ ಓಟದ ಮಾತು ಯಾಕೆ ಮೇಷ್ಟ್ರೇ?” ಎಂದರು ಪ್ರಾಂಶುಪಾಲರು. ನಡಾವಳಿಯಲ್ಲಿ ‘ನಡೆಯುತ್ತದೆ’ ಎಂದು ದಾಖಲಾಯಿತು.

ನಡೆಯಿತು, ಅಷ್ಟೇ. ಹೊಸ ಯಂತ್ರದ ದನಿ ಪದದ ನಡುವೆಯೇ ತಡವರಿಸಿ ನಿಲ್ಲುತ್ತಿತ್ತು. ಅಧ್ಯಾಪಕಿ ಐವತ್ತು ಮಕ್ಕಳ ಮುಂದೆ ಕಾಯುತ್ತ ನಿಲ್ಲುತ್ತಿದ್ದರು. ಸಿಪ್ಪೆ ತೆಗೆದರೆ ವಾರಂಟಿ ಹೋಗುತ್ತದೆಂದು ಮೇಷ್ಟ್ರಿಗೆ ಅದನ್ನು ಮುಟ್ಟಲೂ ಬಿಡಲಿಲ್ಲ. ಹಳೆಯದೊಂದನ್ನಾದರೂ ಆಕೆಗೆ ಉಳಿಸಿಕೊಡಿ ಎಂದು ಅವರು ಮೂರು ಸಲ ಅರ್ಜಿ ಬರೆದರು. ಗುಜರಿಯ ಪಟ್ಟಿಯಲ್ಲಿ ನಲವತ್ತು ಎಂದಿದೆ, ಮೂವತ್ತೊಂಬತ್ತು ಕಳಿಸಿದರೆ ಪಟ್ಟಿ ತಪ್ಪಾಗುತ್ತದೆ ಎಂಬ ಉತ್ತರ ಬಂತು. ನಲವತ್ತೂ ಹೋದವು. ಅಧ್ಯಾಪಕಿಯನ್ನು ಪಾಠದಿಂದ ಬಿಡಿಸಿ, ಕಚೇರಿಯ ಫೋನಿನ ಮುಂದೆ ಕೂರಿಸಿದರು.

ಬೀಳ್ಕೊಡುಗೆಯ ದಿನ ಕಾಲೇಜು ಮೇಷ್ಟ್ರಿಗೆ ಕೊಟ್ಟ ಉಡುಗೊರೆ ಅದೇ ಹೊಸ ಬಗೆಯ ಲ್ಯಾಪ್‌ಟಾಪು. “ಇದನ್ನಿಟ್ಕೊಂಡು ಏನ್ರೀ ಮಾಡ್ತೀರಿ?” ಎಂದು ಕೇಳಿದ ಹೆಂಡತಿಗೆ ಅವರು, “ಇದರ ಭಾಷೆ ಕಲೀತೀನಿ ಕಣೇ. ಇನ್ಯಾರು ಕಲೀತಾರೆ?” ಎಂದರಂತೆ. ಈಗ ಊಟದ ಮೇಜಿನ ಮೇಲೆ ಆ ಓದಿ ಹೇಳುವ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಮತ್ತೆ ಬರೆಯುತ್ತಿದ್ದಾರೆ. ಕಾಲೇಜು ಕೇಳಿಲ್ಲ, ಕೇಳುವುದೂ ಇಲ್ಲ.

ಮೇಷ್ಟ್ರ ಈ ಅಭಿನಂದನಾ ಸಂಪುಟದಲ್ಲಿ ಹಲವರು ಅವರಿಗೆ ವಿಶ್ರಾಂತಿಯನ್ನು ಹಾರೈಸಿದ್ದಾರೆ. ಈ ಲೇಖನಕ್ಕೆ ಆ ಔದಾರ್ಯವಿಲ್ಲ. ಅಧ್ಯಾಪಕಿಯ ಸೇವೆ ಇನ್ನೂ ಹನ್ನೊಂದು ವರ್ಷವಿದೆ. ಮೇಷ್ಟ್ರ ಕಣ್ಣು, ಬೆರಳು, ಆಯುಸ್ಸು ಗಟ್ಟಿಯಾಗಿರಲಿ. ಆಕೆ ಆ ಫೋನನ್ನು ಕೆಳಗಿಟ್ಟು ಎದ್ದು ತರಗತಿಗೆ ಹೋಗುವವರೆಗೆ ಅವರಿಗೆ ಬಿಡುವು ಸಿಗದಿರಲಿ.