ಅತ್ತೆಯ ಕೈ, ರಾಣೆಬೆನ್ನೂರಿನ ಸೂಜಿ

ಅತ್ತೆಯ ಬಲಗೈ ಮೇಲೇಳುತ್ತಿಲ್ಲ ಎಂಬುದು ಮನೆಯಲ್ಲಿ ಮೊದಲು ತಿಳಿದದ್ದು ನನಗೆ, ಅದೂ ಅಳತೆಯ ಟೇಪು ಹಿಡಿದು ನಿಂತಾಗ. ಹಾವೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಊರವರ ಜಂಪರು ಹೊಲಿಯುತ್ತಿದ್ದ ಕಾಲ ಅದು. ದೀಪಾವಳಿಗೆ ಅತ್ತೆಗೂ ಒಂದು ಹೊಲಿಯೋಣವೆಂದು "ಕೈ ಎತ್ರಿ" ಎಂದೆ. ಎಡಗೈ ಎದ್ದಿತು. ಬಲಗೈ ಸೊಂಟ ಬಿಟ್ಟು ಒಂದು ಗೇಣು ಬಂದು ಅಲ್ಲೇ ನಿಂತುಬಿಟ್ಟಿತು. "ಹಳೇ ಅಳತೀಲೇ ಹೊಲಿಯವಾ, ನಾ ಏನ್ ಹ್ವಾದ ವರ್ಷಕ್ಕಿಂತ ಬೆಳದೇನೇನು?" ಎಂದು ಗದರಿಸಿ ಒಳಗೆ ಹೋದರು. ನೋವಾದಾಗ ಎದುರಿದ್ದವರನ್ನು ಬೈಯುವುದು ಅವರ ಪದ್ಧತಿ.

ಆ ಕೈ ಅಂಥಿಂಥ ಕೈಯಲ್ಲ. ಜೋಳದ ಹಿಟ್ಟಿನ ಉಂಡೆ ಅದರ ಕೆಳಗೆ ಸಿಕ್ಕಿತೆಂದರೆ ತಟತಟ ತಿರುಗುತ್ತ, ನಾವು ನೋಡುನೋಡುತ್ತಿದ್ದಂತೆ ಹಂಚಿನಗಲ ಆಗಿಬಿಡುತ್ತಿತ್ತು. ಎಲ್ಲೂ ಹರಿಯದು, ಎಲ್ಲೂ ದಪ್ಪವಾಗದು. ನಾನು ಬಡಿದ ರೊಟ್ಟಿಯ ಅಂಚಿಗೆ ಸೀರೆಯಂಚಿನಂತೆ ಪಿಕೋ ಹಾಕಿಸಬೇಕು ಎಂದು ನನ್ನ ಗಂಡನೇ ನಗುತ್ತಿದ್ದ. ನಗಲಿ, ತಿನ್ನುವುದನ್ನಂತೂ ಬಿಟ್ಟವನಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಮೊದಲು ರೊಟ್ಟಿ ಹಬ್ಬ ಬರುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಪ್ಪಳದಂಥ ಜೋಳದ ರೊಟ್ಟಿ ಮೊದಲೇ ಬಡಿದಿಟ್ಟು, ಪಲ್ಯ, ಶೇಂಗಾ ಚಟ್ನಿಯ ಜೊತೆಗೆ ಓಣಿಗೆಲ್ಲ, ಬೀಗರಿಗೆಲ್ಲ ಬೀರುತ್ತೇವೆ. ಯಾರ ಮನೆಯ ರೊಟ್ಟಿ ಹೇಗಿತ್ತು ಎಂಬ ಮಾತು ದಸರೆಯವರೆಗೂ ನಡೆಯುತ್ತದೆ. ಆ ವರ್ಷದ ಪಂಚಮಿಗೆ ಬ್ಯಾಡಗಿಯಿಂದ ಅತ್ತೆಯ ನೆಗೆಣ್ಣಿ ಬಂದಿದ್ದರು. ನೆಗೆಣ್ಣಿ ಎಂದರೆ ಮಾವನವರ ತಮ್ಮನ ಹೆಂಡತಿ, ನನಗೆ ಸಣ್ಣತ್ತೆ. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಕುಳಿತು ಬೆಳೆದ ಇಬ್ಬರೂ ಅಕ್ಕತಂಗಿಯರಿಗಿಂತ ಹೆಚ್ಚಾಗಿದ್ದರು. ಸಣ್ಣತ್ತೆ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, ಓಣಿಯ ಹೆಂಗಸರೆಲ್ಲ ಕೇಳುವಂತೆ, "ಅಕ್ಕಾ, ನಿನ್ನ ಕೈಯಾಗ ಮಷೀನ್ ಇಟ್ಟೀಯೇನ? ಇಂಥಾ ಕೈ ಈ ಜಿಲ್ಲಾದಾಗ ಇಲ್ಲ ಬಿಡು!" ಎಂದರು.

ಹಬ್ಬ ಮುಗಿದ ಮೇಲೆ ಭುಜ ನೋಯತೊಡಗಿತು. ದೀಪಾವಳಿಗೆ ಕೈ ಕಟ್ಟಿಹಾಕಿದಂತಾಯಿತು. ಹೆರಳು ಹಾಕಿಕೊಳ್ಳಲು ಬಾರದು, ರೊಟ್ಟಿ ಬಡಿಯುವ ಮಾತಂತೂ ದೂರ. ಕಾರಣ ಅತ್ತೆಗೆ ಸ್ಪಷ್ಟವಾಗಿತ್ತು: ನೆದರು ಬಿದ್ದಿದೆ, ನೆಗೆಣ್ಣಿಯ ಕಣ್ಣು ತಾಗಿದೆ. ಅದಕ್ಕೆ ಪರೀಕ್ಷೆಯೂ ಆಯಿತು. ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೈಗೆ ನಿವಾಳಿಸಿ ಒಲೆಗೆ ಹಾಕುವುದು. ಘಾಟು ಎದ್ದು ಮನೆಮಂದಿ ಕೆಮ್ಮಿದರೆ ನೆದರಿಲ್ಲ. ಘಾಟೇ ಬರದಿದ್ದರೆ ನೆದರು ಬಲವಾಗಿಯೇ ಬಿದ್ದಿದೆ. ಅವತ್ತು ಯಾರೂ ಕೆಮ್ಮಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು, ಗಾಳಿ ಬೀಸುತ್ತಿತ್ತು, ಮೇಲಾಗಿ ಹಾಕಿದ್ದು ಬ್ಯಾಡಗಿ ಕಾಯಿ. ಅದಕ್ಕೆ ಹೆಸರು ಬಂದದ್ದು ಬಣ್ಣದಿಂದ, ಖಾರದಿಂದಲ್ಲ. ಇದನ್ನೆಲ್ಲ ನಾನು ಬಿಡಿಸಿ ಹೇಳಿದೆ. "ನೀ ನಿನ್ನ ಜಂಪರ್ ಹೊಲಿ" ಎಂದರು. ಅಂದಿನಿಂದ ಬ್ಯಾಡಗಿಯ ಫೋನು ಬಂದರೆ ಅತ್ತೆ ಬಚ್ಚಲಲ್ಲಿದ್ದಾರೆ ಎಂದು ನಾನು ಹೇಳಬೇಕಾಯಿತು. ಅಷ್ಟು ಸಲ ಯಾವ ಮನುಷ್ಯರೂ ಸ್ನಾನ ಮಾಡುವುದಿಲ್ಲ. ಸಣ್ಣತ್ತೆಗೆ ಹೇಗೋ ವಿಷಯ ಮುಟ್ಟಿತು, ಫೋನು ನಿಂತಿತು.

ಹಾವೇರಿಯ ಡಾಕ್ಟರರು, ಭುಜದ ಕೀಲು ಬಿಗಿದುಕೊಂಡಿದೆ, ಸಕ್ಕರೆ ಕಾಯಿಲೆಯವರಿಗೆ ಇದು ಬರುವುದುಂಟು, ನಿಧಾನಕ್ಕೆ ಬಿಡುತ್ತದೆ ಎಂದು ಗುಳಿಗೆ ಕೊಟ್ಟರು. ಎಣ್ಣೆ ತಿಕ್ಕಿದ್ದಾಯಿತು, ಉಸುಕಿನ ಶಾಖ ಕೊಟ್ಟದ್ದಾಯಿತು. ಯುಗಾದಿ ಕಳೆದರೂ ಕೈ ಹಾಗೇ ಇತ್ತು. ಒಂದು ಮಧ್ಯಾಹ್ನ ಖಾಲಿ ರೊಟ್ಟಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಅಂದರು: "ಈ ಪಂಚಮಿಗೆ ನನ್ನ ಕೈ ರೊಟ್ಟಿ ಹೊರಗ ಹೋಗಲಿಲ್ಲಂದ್ರ, ನಾ ಈ ಮನ್ಯಾಗ ಇದ್ದೂ ಇಲ್ಲದಂಗವಾ." ಬೈಗುಳವಿಲ್ಲದೆ ಅವರು ಮಾತಾಡಿದ್ದು ಕೇಳಿದ ಮೇಲೆ ನಾನು ಬಂದ ಗಿರಾಕಿಗಳನ್ನೆಲ್ಲ ಮದ್ದು ವಿಚಾರಿಸತೊಡಗಿದೆ. ಜಂಪರು ಹೊಲಿಸಲು ಬಂದಿದ್ದ ಒಬ್ಬಾಕೆ, ರಾಣೆಬೆನ್ನೂರಿನಲ್ಲಿ ಚೀನಾದೇಶದ ಪದ್ಧತಿಯಲ್ಲಿ ಸೂಜಿ ಚುಚ್ಚಿ ನೋವು ತೆಗೆಯುವ ಡಾಕ್ಟರಮ್ಮ ಇದ್ದಾರೆ ಎಂದಳು. ಮುಂದಿನ ಸೋಮವಾರ ಅತ್ತೆಯನ್ನು ಬಸ್ಸು ಹತ್ತಿಸಿದೆ.

ಬೀಜದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಆ ದವಾಖಾನೆ. ಡಾಕ್ಟರಮ್ಮ ನಡುವಯಸ್ಸಿನವರು, ಇದೇ ಸೀಮೆಯವರು. ಅವರು ಮೊದಲು ಕೈಯನ್ನು ಮುಟ್ಟಲೇ ಇಲ್ಲ. ನಿದ್ದೆ ಹೇಗೆ, ಹಸಿವೆ ಹೇಗೆ, ತಣ್ಣೀರು ಸೇರುತ್ತದೋ ಬಿಸಿನೀರೋ ಎಂದು ಬೀಗರಂತೆ ಕುಳಿತು ಕೇಳಿದರು. ನಾಲಿಗೆ ನೋಡಿದರು. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ಆಮೇಲೆ, "ಅಮ್ಮಾರ, ನಿಮ್ಮ ಹೆಬ್ಬೆರಳು ಕೊಡ್ರಿ" ಎಂದು, ಅತ್ತೆಯ ಹೆಬ್ಬೆರಳಿನ ಅಗಲವನ್ನೇ ಅಳತೆಯಾಗಿ ಹಿಡಿದು ಮೊಳಕಾಲಿನಿಂದ ಕೆಳಕ್ಕೆ ಅಳೆದು ಹೋದರು. ಸೂಜಿ ಎಲ್ಲಿ ಹಾಕಬೇಕೆಂಬುದನ್ನು ಅವರವರ ಬೆರಳಿನಿಂದಲೇ ಅಳೆಯಬೇಕಂತೆ. ನಾನು ಎಲ್ಲರಿಗೂ ಒಂದೇ ಟೇಪು ಹಿಡಿಯುವವಳು. ಒಂದು ಮೈಗೆ ಆ ಮೈಯೇ ಅಳತೆ ಎನ್ನುವುದನ್ನು ಕೇಳಿ ನನಗೆ ಆ ವಿದ್ಯೆಯ ಮೇಲೆ ಮೊದಲ ಸಲ ಗೌರವ ಬಂತು.

ಅತ್ತೆಗೆ ಬಂದದ್ದು ಗೌರವವಲ್ಲ. "ಡಾಕ್ಟ್ರಮ್ಮಾರ, ನೋವು ಕೈಯಾಗ ಐತ್ರಿ. ಕಾಲು ಚಲೋ ಅದಾವು."

"ಗೊತ್ತೈತ್ರಿ. ನಿಮ್ಮ ಮನ್ಯಾಗ ಲೈಟ್ ಮ್ಯಾಲ ಐತಿ. ಬಟನ್ ಎಲ್ಲೈತ್ರಿ?"

ಅತ್ತೆ ಕಾಲು ಚಾಚಿದರು. ಅವರನ್ನು ಒಂದೇ ಮಾತಿನಲ್ಲಿ ಒಪ್ಪಿಸಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸೂಜಿಯಿಂದಲೇ ಅನ್ನ ಉಣ್ಣುವವಳು ನಾನು, ಸೂಜಿ ಹಿಡಿಯುವ ಕೈ ಯಾವುದೆಂದು ನನಗೆ ತಿಳಿಯುತ್ತದೆ. ಕೂದಲಿನಂಥ ಸೂಜಿ, ಸಣ್ಣ ನಳಿಕೆ, ತೋರುಬೆರಳಿನ ಒಂದು ತಟ್ಟು, ಅಷ್ಟೇ. ರಕ್ತವಿಲ್ಲ, ಚೀರಾಟವಿಲ್ಲ. ಬಳಿಕ ಸೂಜಿಯನ್ನು ಮೆಲ್ಲಗೆ ತಿರುವುತ್ತ, "ಏನ್ ಅನ್ನಸ್ತೈತಿ?" ಎಂದು ಕೇಳುತ್ತಿದ್ದರು. "ಜುಮ್ ಅನ್ನಾಕತ್ತೈತ್ರಿ, ಕಾಲು ಭಾರ ಆಗಾಕತ್ತೈತಿ" ಎಂದು ಅತ್ತೆ ಹೇಳಿದ ಮೇಲೇ ಅವರ ಬೆರಳು ನಿಲ್ಲುತ್ತಿತ್ತು. ಕಾಲಿನಲ್ಲಿ ಸೂಜಿ ಇರುವಾಗಲೇ ಕೈಯನ್ನು ಆಡಿಸಬೇಕು. ಅವರು ಅವಸರ ಮಾಡಿದ್ದನ್ನು ನಾನು ನೋಡಲೇ ಇಲ್ಲ. ಹಬ್ಬದ ಮುಂಚೆ ಗಿರಾಕಿಗಳು ಬಾಗಿಲಲ್ಲಿ ನಿಂತರೆ ನನ್ನ ಹೊಲಿಗೆ ಓಡುತ್ತದೆ. ಹೊರಗೆ ಬೆಂಚು ತುಂಬಿದ್ದರೂ ಅವರ ಕೈ ಓಡುತ್ತಿರಲಿಲ್ಲ. ನನಗೆ ಅದು ಹೊಟ್ಟೆಕಿಚ್ಚಿನ ವಿಷಯವಾಗಿತ್ತು.

ವಾರಕ್ಕೆರಡು ಸಲ ಹೋಗತೊಡಗಿದೆವು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದರಿಂದ ಬಸ್ಸಿನಲ್ಲಿ ಕುಳಿತವರೆಲ್ಲ ಧೂಳಿನಲ್ಲಿ ಮಿಂದೇ ಇಳಿಯುತ್ತಿದ್ದರು. ನಡುವೆ ಮೋಟೆಬೆನ್ನೂರು ಕ್ರಾಸು, ಬ್ಯಾಡಗಿಗೆ ಹೋಗುವ ದಾರಿ ಅಲ್ಲಿಂದ ತಿರುಗುತ್ತದೆ. ಕ್ರಾಸು ಬಂದಾಗಲೆಲ್ಲ ಅತ್ತೆ ಮುಖವನ್ನು ಆಚೆ ಕಿಟಕಿಗೆ ತಿರುಗಿಸುತ್ತಿದ್ದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ನೆಗೆಣ್ಣಿಯ ಮೇಲಿನ ಸಿಟ್ಟಿಗಿಂತ ಆಕೆಯ ನೆನಪೇ ಅವರಿಗೆ ಹೆಚ್ಚು ನೋವು ಕೊಡುತ್ತಿತ್ತು ಎಂದು ನನಗೆ ಅನ್ನಿಸುತ್ತಿತ್ತು, ಆದರೆ ಹೇಳುವ ಧೈರ್ಯವಿರಲಿಲ್ಲ.

ಕೆಲವು ವಾರಗಳಾದ ಮೇಲೆ ಡಾಕ್ಟರಮ್ಮ ಶಾಖವನ್ನೂ ಶುರುಮಾಡಿದರು. ಒಣಗಿದ ಎಲೆಯನ್ನು ಹತ್ತಿಯಂತೆ ಕುಟ್ಟಿ ಬೀಡಿಯಂತೆ ಸುತ್ತಿದ ದಪ್ಪ ಕಡ್ಡಿ. ಅದರ ತುದಿ ಹೊತ್ತಿಸಿ ಭುಜದ ಹತ್ತಿರ, ಚರ್ಮಕ್ಕೆ ತಾಗದಂತೆ ಹಿಡಿಯುವುದು. ಉರಿದ ತುಂಡುಗಳನ್ನು ಒಂದು ಕಬ್ಬಿಣದ ಬಟ್ಟಲಿಗೆ ಹಾಕುತ್ತಿದ್ದರು. "ಏನ್ರಿ ಇದು?" ಎಂದರೆ, "ನಿಮ್ಮ ಹಿತ್ತಲದಾಗಿನ ಮಾಚಿಪತ್ರೀ ಜಾತೀದ ರೀ" ಎಂದರು. ಗಣಪತಿಗೆ ಏರಿಸುವ ಮಾಚಿಪತ್ರೆ! ಅತ್ತೆಗೆ ಆ ಬಿಸಿ ಬಹಳ ಹಿತವಾಯಿತು. ಕೋಣೆಯ ತುಂಬ ಹೊಗೆ ಕವಿಯಿತು, ಅತ್ತೆ ಕಣ್ಣು ಮುಚ್ಚಿ ಮಲಗಿದರು. ಇನ್ನೇನು ಎಲ್ಲ ಸರಿಯಾಯಿತು ಎಂದುಕೊಂಡು ನಾನು ಬಸ್ಸಿನಲ್ಲಿ ತೂಕಡಿಸುತ್ತಿದ್ದರೆ, ಅವರು ನನ್ನನ್ನು ತಿವಿದು ಎಬ್ಬಿಸಿದರು.

"ನೋಡಿದೀ? ಅಷ್ಟು ಹೊಗಿ ಆತು. ಒಬ್ಬರಾದ್ರೂ ಕೆಮ್ಮಿದರೇನು? ನೆದರು ಇನ್ನೂ ಹೋಗಿಲ್ಲ ಬಿಡವಾ."

ಮಾಚಿಪತ್ರೆಗೆ ಮೆಣಸಿನಕಾಯಿಯ ಘಾಟು ಎಲ್ಲಿಂದ ಬರಬೇಕು? ನನಗೆ ಸಿಟ್ಟು ಬಂತು. ಹಾವೇರಿ ಬರುವವರೆಗೆ ಮತ್ತೆ ತೂಕಡಿಸುವ ಸೋಗು ಹಾಕಿದೆ.

ಮುಂದಿನ ಸಲ ಹೋದಾಗ ಅವರ ಸೆರಗಿನ ಗಂಟಿನಲ್ಲಿ ಏನಿದೆ ಎಂದು ನಾನು ನೋಡಬೇಕಿತ್ತು. ನೋಡಲಿಲ್ಲ. ಅವತ್ತು ಸೂಜಿ ಎಡಗಾಲಿಗೆ ಮಾತ್ರ. ಶಾಖ ಮುಗಿಸಿ, ಬಟ್ಟಲನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, "ಕೈ ಆಡಿಸ್ಕೋಂತ ಇರ್ರಿ, ಬಂದೆ" ಎಂದು ಡಾಕ್ಟರಮ್ಮ ಪರದೆಯಾಚೆಯವರನ್ನು ನೋಡಲು ಹೋದರು. ನಾನು ಬೆಂಚಿನ ಮೇಲೆ ಪೇಪರು ಓದುತ್ತಿದ್ದೆ. ಅತ್ತೆ ಎಡಗೈಯಿಂದ ಗಂಟು ಬಿಚ್ಚಿ, ಉಪ್ಪು ಸಾಸಿವೆ ಮೆಣಸಿನಕಾಯಿಯನ್ನು ಭುಜಕ್ಕೆ ನಿವಾಳಿಸಿ ಬಟ್ಟಲಿನ ಕೆಂಡಕ್ಕೆ ಸುರಿದರು. ಈ ಸಲದ್ದು ಬ್ಯಾಡಗಿ ಕಾಯಿಯಲ್ಲ. ನನ್ನ ಮಾತನ್ನು ಅಷ್ಟರಮಟ್ಟಿಗೆ ಕೇಳಿಸಿಕೊಂಡು, ಸಂತೆಯಿಂದ ಗುಂಟೂರು ಕಾಯಿ ತರಿಸಿದ್ದರು.

ಮೊದಲು ಸಾಸಿವೆ ಸಿಡಿದದ್ದು ಕೇಳಿಸಿತು. ಆಮೇಲೆ ಘಾಟು ಎದ್ದಿತು. ಪರದೆಯಾಚೆಯವರು ಕೆಮ್ಮಿದರು, ಬೆಂಚಿನವರು ಕೆಮ್ಮಿದರು, ಸೊಂಟ ನೋವೆಂದು ಇನ್ನೊಬ್ಬರನ್ನು ಹಿಡಿದುಕೊಂಡು ಬಂದಿದ್ದ ಹಿರಿಯರೊಬ್ಬರು ಯಾರನ್ನೂ ಹಿಡಿಯದೆ ಮೆಟ್ಟಿಲಿಳಿದರು. ಕೆಳಗಿನ ಬೀಜದ ಅಂಗಡಿಯವರು ಬೆಂಕಿ ಬಿತ್ತೆಂದು ಬಕೀಟು ಹಿಡಿದು ಬಂದರು. ನಾನು ಕಣ್ಣೀರು ಸುರಿಸುತ್ತ ಒಳಗೆ ನುಗ್ಗಿದರೆ, ಅತ್ತೆ ಕಾಲಿನಲ್ಲಿ ಸೂಜಿ ಇಟ್ಟುಕೊಂಡೇ, ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮುತ್ತ ನಗುತ್ತಿದ್ದರು. "ಘಾಟು ಬಂತವಾ! ಬಂತು! ನೆದರಿಲ್ಲ! ಆಕೀದೇನೂ ತಪ್ಪಿಲ್ಲ!"

ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಡಾಕ್ಟರಮ್ಮ ಕೆಮ್ಮುತ್ತ ಬಂದು ಕಿಟಕಿ ತೆರೆದರು, ಬಟ್ಟಲಿಗೆ ನೀರು ಹೊಯ್ದರು. ಬೈಗುಳಕ್ಕೆ ನಾನು ಸಿದ್ಧಳಾದೆ. ಅವರು ಅತ್ತೆಯನ್ನೇ ನೋಡುತ್ತ ನಿಂತರು.

"ಅಮ್ಮಾರ, ಸೆರಗು ಹಿಡದದ್ದು ಯಾವ ಕೈರಿ?"

ಬಲಗೈ. ಸೊಂಟ ಬಿಟ್ಟು ಗೇಣು ಮೇಲೇಳದಿದ್ದ ಕೈ ಮೂಗಿನ ತನಕ ಬಂದು ನಿಂತಿತ್ತು. ಅತ್ತೆ ಅದನ್ನು ಬೇರೆಯವರ ಕೈಯೇನೋ ಎಂಬಂತೆ ನೋಡಿದರು, ನೋಡಿ ಅತ್ತರು. ಡಾಕ್ಟರಮ್ಮ ಹಾಸಿಗೆಯ ಮೇಲೆ ಕುಳಿತು, "ಕೀಲು ಆಗಲೇ ಸ್ವಲ್ಪ ಬಿಟ್ಟಿತ್ತು ರೀ. ಅಂಜಿಕೆ ಬಿಟ್ಟಿರಲಿಲ್ಲ. ನಿಮ್ಮ ಪರೀಕ್ಷಾನೂ ಚಲೋ ಆತು. ಮುಂದಿನ ಸಲ ಅದನ್ನ ಮನ್ಯಾಗ ಮಾಡ್ಕೊಂಡ್ ಬರ್ರಿ" ಎಂದರು. ತನ್ನ ದವಾಖಾನೆಯನ್ನು ಅರ್ಧ ಗಂಟೆ ಖಾಲಿ ಮಾಡಿಸಿದ ಮುದುಕಿಯ ನಂಬಿಕೆಯನ್ನು ಅವರು ಹೀಗಳೆಯಲಿಲ್ಲ, ಹಾಗೆಂದು ಎತ್ತಿಹಿಡಿಯಲೂ ಇಲ್ಲ. ನಾನು ಅವರನ್ನು ಮೆಚ್ಚಿಕೊಂಡದ್ದು ಸೂಜಿಗಿಂತ ಹೆಚ್ಚಾಗಿ ಇದಕ್ಕೆ.

ಕೈ ಒಮ್ಮೆಲೇ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಆಮೇಲೂ ಸೂಜಿ ನಡೆಯಿತು, ಶಾಖ ನಡೆಯಿತು, ಬೆರಳುಗಳಿಂದ ಗೋಡೆ ಹತ್ತಿಸುವ ವ್ಯಾಯಾಮವೂ ನಡೆಯಿತು. ಹಾವೇರಿಯ ಡಾಕ್ಟರರು ಹೇಳಿದಂತೆ ಅದು ತಾನಾಗಿಯೇ ಬಿಡುವ ಕಾಲವೂ ಬಂದಿತ್ತೋ ಏನೋ. ಯಾವುದಕ್ಕೆ ಎಷ್ಟು ಪಾಲು ಎಂದು ನನಗೆ ಗೊತ್ತಿಲ್ಲ. ಆ ಎರಡು ಕೋಣೆಗಳಲ್ಲಿ ಅತ್ತೆಯ ಮೈಯನ್ನು ಕಿವಿಗೊಟ್ಟು ಕೇಳುವ ಒಬ್ಬರು ಇದ್ದರು ಎಂಬುದು ಮಾತ್ರ ಗೊತ್ತು. ಪಂಚಮಿಗೆ ಮೊದಲು ಹೊಸ ಜಂಪರಿಗೆ ಅಳತೆ ತೆಗೆದಾಗ ಎರಡೂ ಕೈ ಎದ್ದವು. ಬಲಗೈ ಸ್ವಲ್ಪ ತಡವಾಗಿ ಎದ್ದಿತು.

ಆ ವರ್ಷ ಅತ್ತೆ ಬಡಿದದ್ದು ಒಂದೇ ಸಣ್ಣ ಕಟ್ಟು ರೊಟ್ಟಿ. ಓಣಿಗೆ ಹೋದವೆಲ್ಲ ನನ್ನವು, ಪಾಪ, ಓಣಿಯವರು ಏನೂ ಅನ್ನಲಿಲ್ಲ. ಅತ್ತೆಯ ಕಟ್ಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ನಾವಿಬ್ಬರೂ ಬಸ್ಸು ಹತ್ತಿದೆವು. ಮೋಟೆಬೆನ್ನೂರು ಕ್ರಾಸಿನಲ್ಲಿ ಅತ್ತೆ ನನಗಿಂತ ಮೊದಲೇ ಎದ್ದು ನಿಂತಿದ್ದರು.

ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಸಣ್ಣತ್ತೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು. ನಮ್ಮನ್ನು ಕಂಡು ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅತ್ತೆ ಕಟ್ಟನ್ನು ಅವರ ಮುಂದಿಟ್ಟು, "ನೆದರ ಅಲ್ಲ ಬಿಡವಾ ಅದು. ಘಾಟು ಬಂತು" ಎಂದಷ್ಟೇ ಹೇಳಿದರು.

"ನಾ ಒಂದು ವರ್ಷದಿಂದ ಯಾರನ್ನೂ ಚಂದ ಅಂದಿಲ್ಲಕ್ಕಾ" ಎಂದರು ಸಣ್ಣತ್ತೆ. "ಮೊಮ್ಮಗಳು ಹುಟ್ಟ್ಯಾಳ. ಆಕೀನ್ನೂ ಅಂದಿಲ್ಲ."

ಅತ್ತೆ ಗಂಟು ಬಿಚ್ಚಿದರು. ಸಣ್ಣತ್ತೆ ಮೇಲಿನ ರೊಟ್ಟಿಯನ್ನು ಎತ್ತಿ, ಹಳೆಯ ರೂಢಿಯಂತೆ ಬೆಳಕಿಗೆ ಹಿಡಿದರು. ರೊಟ್ಟಿ ತೆಳ್ಳಗಿತ್ತು, ದುಂಡಗಿತ್ತು, ಬೆಳಕು ಅದರೊಳಗಿಂದ ಕಾಣುತ್ತಿತ್ತು. ಮುರಿದು ಬಾಯಿಗಿಟ್ಟುಕೊಂಡರು. ಏನೋ ಹೇಳಲು ಹೊರಟು ತಡೆದರು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಥೂ, ಏನ್ ರೊಟ್ಟಿ ಅಕ್ಕಾ ಇವು! ದಪ್ಪ ಆಗ್ಯಾವು. ಅಂಚು ಹರದಾವು. ನಾಯೀನೂ ಮೂಸೂದಿಲ್ಲ!"

"ಇನ್ನೊಮ್ಮೆ ಬೈಯವಾ" ಎಂದರು ಅತ್ತೆ.

ಸಣ್ಣತ್ತೆ ಇನ್ನೊಮ್ಮೆ ಬೈದರು, ಬೈಯುತ್ತಲೇ ಎರಡನೆಯ ರೊಟ್ಟಿಗೆ ಕೈ ಹಾಕಿದರು. ಅತ್ತೆ ಬಲಗೈ ಎತ್ತಿ ಅವರ ತಲೆಗೆ ಒಂದು ಮೊಟಕಿದರು.