ಅಪ್ಪ ಮಲಗಿರುವಾಗ ಆಡುವ ಮಾತು

ನಿನ್ನನ್ನು ಇತರರಿಂದ ಬೇರೆ ಮಾಡುವುದು ಏನು ಎಂದು ಒಂದು ವಿಶ್ವವಿದ್ಯಾಲಯ ನನ್ನನ್ನು ಕೇಳಿತ್ತು. ಎಲ್ಲೋ ದೂರದ ಊರಿನದು. ಅಲ್ಲಿ ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಬೇಕೆಂಬುದು ನನ್ನ ಹುಚ್ಚು, ಅದಕ್ಕೆ ಅರ್ಜಿಯ ಜೊತೆ ಈ ಪ್ರಬಂಧ. ನಮ್ಮ ಕಡೆ ‘ಆಕಿ ಬ್ಯಾರೇನೇ ಅದಾಳ’ ಎಂದರೆ ಹೊಗಳಿಕೆಯಲ್ಲ. ಹೆಣ್ಣು ನೋಡಿ ಅವಲಕ್ಕಿ ತಿಂದು ಹೋದವರು ಆಮೇಲೆ ಫೋನಿನಲ್ಲಿ ಹೇಳುವ ಮಾತು ಅದು. ಹುಟ್ಟಿದಾಗಿನಿಂದ ಎಲ್ಲರ ಹಾಗಿರುವುದನ್ನು ಕಷ್ಟಪಟ್ಟು ಕಲಿತವಳು ಈಗ ಒಂದೇ ಪುಟದಲ್ಲಿ ಅದನ್ನೆಲ್ಲ ಅಲ್ಲಗಳೆಯಬೇಕಿತ್ತು. ಸೀಟು ಸಿಗದಿದ್ದರೆ ಸಿಂಧನೂರಿನಲ್ಲಿ ಬಿ.ಎಡ್. ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಬಿ.ಎಡ್. ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಮ್ಮ ಮನೆಗಳ ಸಾಲಿನಲ್ಲೇ ಮೂವರು ಅದನ್ನು ಮುಗಿಸಿ ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದರು.

ನಮ್ಮೂರು ಹಟ್ಟಿ. ಅಪ್ಪ ಚಿನ್ನದ ಗಣಿಯ ಕೆಲಸಗಾರ, ನಮ್ಮದು ಕಂಪನಿ ಕ್ವಾರ್ಟರ್ಸ್. ಡಿಗ್ರಿ ಓದಿದ್ದು ಲಿಂಗಸುಗೂರಿನಲ್ಲಾದ್ದರಿಂದ ಪ್ರಬಂಧಕ್ಕಾಗಿ ಅಲ್ಲಿನ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮುಖವನ್ನೂ ನೋಡದೆ, “ಯಾವೂರ್ರಿ?” ಎಂದ. ಹೇಳಿದೆ.

“ಹಟ್ಟಿ ಅಂದ್ರ ಬಂಗಾರದ್ದು,” ಎಂದು ಕಂಪ್ಯೂಟರಿನಲ್ಲಿ ಒಂದು ಫೈಲು ತೆಗೆದ. ಅವನ ಬಳಿ ಮೂರು ಪ್ರಬಂಧಗಳು ತಯಾರಿದ್ದವು: ಸಿಂಧನೂರಿನವರಿಗೆ ಕಾಲುವೆ ಮತ್ತು ಭತ್ತ, ಮಸ್ಕಿಯವರಿಗೆ ಬೆಟ್ಟದ ಶಾಸನ, ನಮಗೆ ಬಂಗಾರ.

“ಅಣ್ಣಾ, ನಂದು ಎಲ್ಲಾರ್ಕಿಂತ ಬ್ಯಾರೆ ಇರಬೇಕಂತ್ರಿ.”

“ಬ್ಯಾರೇನೇ ಐತಲ್ಲ ತಂಗಿ, ನಿಮ್ಮ ಹೆಸರು ಹಾಕ್ತೀನಲ್ಲ!”

‘ನಾನು ಬಂಗಾರದ ಮೇಲೆ ಹುಟ್ಟಿದವಳು’ ಎಂದು ಅದು ಶುರುವಾಗುತ್ತಿತ್ತು. ನಾನು ಕಂಡ ಬಂಗಾರ ಅವ್ವನ ತಾಳಿಯಲ್ಲಿನ ಎರಡು ಗುಂಡು, ಅಷ್ಟೇ. ತಪ್ಪನ್ನೆಲ್ಲ ಅಂಗಡಿಯವನ ತಲೆಗೆ ಕಟ್ಟುವುದಿಲ್ಲ. ಓದಿದಾಗ ನನಗೇ ಮೈ ಜುಮ್ಮೆಂದಿತ್ತು. ಬೆಂಕಿ, ಪುಟ, ಹೊಳಪು ಎಂದು ಇನ್ನಷ್ಟು ನಾನೇ ಸೇರಿಸಿ ಕಳಿಸಿದೆ.

ಮುಂದಿನ ತಿಂಗಳು ಆನ್‌ಲೈನ್ ಸಂದರ್ಶನ, ಬೆಳಿಗ್ಗೆ ಹನ್ನೊಂದಕ್ಕೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಒಳಗಿನ ಕೋಣೆಯಲ್ಲಿ ಮಲಗಿದ್ದ. ಅವನು ಹಗಲು ಮಲಗಿದಾಗ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಬಾಗಿಲ ಬೆಲ್ಲಿನ ವೈರು ನಾನು ಹುಟ್ಟುವ ಮೊದಲೇ ಕತ್ತರಿಸಿ ಆಗಿತ್ತು. ಸೀಟಿ ಹೊಡೆಯುತ್ತದೆಂದು ಅವ್ವ ಕುಕ್ಕರ್ ಇಡುತ್ತಿರಲಿಲ್ಲ. ಗಣಿಗೆ ನಿದ್ದೆಗಣ್ಣಿನಲ್ಲಿ ಇಳಿದರೆ ಏನಾಗುತ್ತದೆ ಎಂಬುದು ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಫೋನಿನ ಪರದೆಯಲ್ಲಿ ಇಬ್ಬರು ಪ್ರೊಫೆಸರು, ಒಬ್ಬರು ಮೇಡಂ, ಇನ್ನೊಬ್ಬರು ವಯಸ್ಸಾದವರು. ಸ್ವಲ್ಪ ಜೋರಾಗಿ ಮಾತಾಡು ಎಂದರು ಮೇಡಂ. ನಾನು ದನಿ ಏರಿಸಲಿಲ್ಲ. “ಈ ವಾರ ಬಂಗಾರದ ಮೇಲೆ ಹುಟ್ಟಿದವರಲ್ಲಿ ನೀನು ಎರಡನೆಯವಳು,” ಎಂದರು ಹಿರಿಯರು, ನಗದೆ. ನನಗೆ ಬಿ.ಎಡ್. ಕಾಲೇಜಿನ ಗೇಟೇ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಅವ್ವ ಅಡುಗೆಮನೆ ಬಾಗಿಲಿಗೆ ಬಂದು ಎರಡು ಅಂಗೈ ತಟ್ಟುವ ಹಾಗೆ ಮಾಡಿ ಹುಬ್ಬು ಹಾರಿಸಿದಳು: ರೊಟ್ಟಿ ಮಾಡಲೇನು? ನಾನು ಬಂಗಾರದ ವಾಕ್ಯ ನಿಲ್ಲಿಸದೆ, ಎಡಗೈಯಿಂದ ರೊಟ್ಟಿ ತಟ್ಟಿ, ಅಂಗೈ ಒರೆಸಿ, ಐದು ಬೆರಳು ಬಾಯಿಗೆ ತಂದೆ. ರೊಟ್ಟಿ ಬೇಡ, ಅನ್ನ ಸಾಕು.

“ಈಗ ಕೈಯಲ್ಲಿ ಏನು ಮಾಡಿದೆ?” ಎಂದರು ಮೇಡಂ.

ನಾಚಿಕೆಯಿಂದ ಸತ್ತೆ. ಏನಿಲ್ಲ ಮೇಡಂ, ನಮ್ಮ ಮನೆಯಲ್ಲಿ ಹೀಗೇ, ಎಂದು ಎಲ್ಲ ಹೇಳಬೇಕಾಯಿತು. ಬಂಗಾರ ಅಲ್ಲಿಗೇ ಬಿತ್ತು. ‘ನಾಳೆ’ ಹೇಗೆ ಹೇಳುತ್ತೀರಿ? ‘ಇಲ್ಲ’ ಮೊದಲು ಬರುತ್ತದೋ ಕೊನೆಗೋ? ಪಕ್ಕದ ಮನೆಯವರಿಗೆ ಇದು ತಿಳಿಯುತ್ತದೆಯೇ? ಇಲ್ಲ, ಅವರ ಮನೆಯದು ಬೇರೆ, ಎಂದೆ. ಇಬ್ಬರೂ ಏನೇನೋ ಬರೆದುಕೊಂಡರು.

“ಅಪ್ಪನಿಗೆ ಏನು ಗುರುತು?”

ಕೆನ್ನೆಯ ಕೆಳಗೆ ಅಂಗೈ ಇಟ್ಟು ಕತ್ತು ವಾಲಿಸಿ ತೋರಿಸಿದೆ.

“ಹಾಗಾದರೆ ನಿದ್ದೆಗೆ?”

“ಅದೇ,” ಎಂದೆ. ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ನಮ್ಮಪ್ಪನಿಗೆ ನಾವು ಇಷ್ಟು ವರ್ಷಗಳಲ್ಲಿ ಇನ್ನೊಂದು ಗುರುತು ಹುಡುಕಿರಲಿಲ್ಲ.

ಬಂಗಾರ ಬಿಡು, ಇದನ್ನು ಬರೆದು ಸಂಜೆಯೊಳಗೆ ಕಳಿಸು ಎಂದರು ಹಿರಿಯರು. ಫೋನು ಇಟ್ಟಿದ್ದೇ ಅವ್ವನ ಮೇಲೆ ಹರಿಹಾಯ್ದೆ, ಅದೂ ಕೈಯಲ್ಲೇ. ನಮ್ಮ ಭಾಷೆಯಲ್ಲಿ ಜಗಳ ಆಡುವುದು ಬಲು ಕಷ್ಟ, ಒಂದು ತಟ್ಟೆಯನ್ನೂ ಕುಕ್ಕುವಂತಿಲ್ಲ. ಆಮೇಲೆ ಕೂತು ಬರೆದೆ. ಈ ಭಾಷೆ ಹುಟ್ಟಿದ್ದು ಯಾರಿಗಾಗಿಯೋ ಅವನೊಬ್ಬನಿಗೇ ಇದು ಬರುವುದಿಲ್ಲ ಎಂಬುದು ಅದರ ಕೊನೆಯ ಸಾಲು. ಚೆನ್ನಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಸೀಟು ಸಿಕ್ಕಿದ ಮೇಲ್ ಬಂತು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವ್ವ ಅದೇ ಕೋಣೆಯಲ್ಲಿ ಅರಿವೆ ಮಡಚುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಕೈಯಲ್ಲಿ ಹೇಳಿದೆ. ಅವಳು ಎರಡೂ ಕೈ ಮೇಲೆತ್ತಿದಳು, ಕಣ್ಣು ತುಂಬಿಕೊಂಡಳು, ನನ್ನ ಹಿಡಿದು ಗರಗರ ತಿರುಗಿಸಿದಳು. ಒಂದು ಬಳೆಯೂ ಸಪ್ಪಳ ಮಾಡಲಿಲ್ಲ.

ಅಪ್ಪ ಯಾವಾಗ ಹೊರಳಿದ್ದನೋ, ನಮ್ಮನ್ನೇ ನೋಡುತ್ತಿದ್ದ.

“ಏನಾತು? ಇಷ್ಟು ವರ್ಷ ಬಿದ್ಕೊಂಡು ನಿಮ್ಮ ಕೈ ನೋಡಾಕತ್ತೀನಿ, ಒಂದೂ ತಿಳಿಯಂಗಿಲ್ಲ. ಬಾಯಿ ಬಿಟ್ಟು ಹೇಳ್ರಿ, ನಾ ಎಚ್ಚರ ಅದೀನಿ.”

ಹೇಳಲು ಬಾಯಿ ತೆರೆದೆ. ಆ ಕೋಣೆಯಲ್ಲಿ ಎಷ್ಟು ಜೋರಾಗಿ ಮಾತಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ.